ಮಳೆಗಾಲದಲ್ಲಿ ಅಮ್ಮನಿಗೆ ಕೀಮೋ: ಮನೆಯಲ್ಲಿ ಏನೇನು ತಯಾರಿ ಬೇಕು?

ಹೊಸನಗರ ಕಡೆಯವಳು

ಅಮ್ಮನಿಗೆ ಸ್ತನ ಕ್ಯಾನ್ಸರ್. ಆಪರೇಷನ್ ಆಗಿ ಗಾಯ ಒಣಗಿದೆ. ಬರುವ ಸೋಮವಾರ ಶಿವಮೊಗ್ಗದಲ್ಲಿ ಮೊದಲ ಕೀಮೋ. 21 ದಿನಕ್ಕೊಂದರಂತೆ 4 ಡೋಸ್, ಆಮೇಲೆ ವಾರಕ್ಕೊಂದರಂತೆ 12 ಅಂದಿದ್ದಾರೆ. ಬೆಳಗ್ಗೆ ಹೋಗಿ ಸಂಜೆ ವಾಪಸ್ ಬರಬಹುದಂತೆ.

ನಮ್ಮನೆ ಮೇನ್ ರೋಡಿನಿಂದ ತುಂಬಾ ಒಳಗೆ, ಮಣ್ಣಿನ ದಾರಿ. ಈಗ ಆಷಾಢದ ಮಳೆ ಬೇರೆ. ಕರೆಂಟ್ ಹೋದರೆ ಯಾವಾಗ ಬರುತ್ತೋ ಗೊತ್ತಿಲ್ಲ. ಸಿಗ್ನಲ್ ಬೇಕಾದರೆ ಗುಡ್ಡ ಹತ್ತಬೇಕು. ಕುಡಿಯೋದು ಪೈಪಿನಲ್ಲಿ ಬರುವ ಅಬ್ಬಿ ನೀರು. ಅಮ್ಮ ಕೊಟ್ಟಿಗೆ ಕೆಲಸ ಬಿಡಲ್ಲ ಅಂತಾರೆ. ನೆಂಟರಲ್ಲಿ ಒಬ್ಬರು ಅಮೃತಬಳ್ಳಿ ಕಷಾಯ ಅಂತಾರೆ, ಇನ್ನೊಬ್ಬರು ಮೊಸರೇ ಕೊಡಬೇಡಿ ಅಂತಾರೆ. ಅಪ್ಪ ಮಾತೇ ಆಡ್ತಿಲ್ಲ, ಸುಮ್ನೆ ಸೌದೆ ಒಟ್ಟುತ್ತಿದ್ದಾರೆ. ಮೊದಲು ಏನು ಮಾಡಲಿ?

ಸಾಗರದ ಅಕ್ಕ

ತಂಗಿ, ನಮ್ಮತ್ತೆಗೂ ಇದೇ ಕೀಮೋ ಆಗಿತ್ತು, ಅದೂ ಮಳೆಗಾಲದಲ್ಲೇ. ಎಲ್ಲರೂ ಊಟದ ಬಗ್ಗೆ ಹೇಳ್ತಾರೆ. ನೀನು ಮೊದಲು ಜ್ವರಕ್ಕೆ ತಯಾರಾಗು.

ಡೋಸ್ ಆದ ಸುಮಾರು 7ರಿಂದ 14ನೇ ದಿನದವರೆಗೆ ಬಿಳಿ ರಕ್ತಕಣ ತುಂಬಾ ಕೆಳಗಿಳಿಯುತ್ತೆ. ಆಗ ಬರುವ ಜ್ವರವನ್ನು ನಮ್ಮ ಕಡೆ ಹೇಳುವ ಹಾಗೆ "ಮಳೆ ಜ್ವರ, ಎರಡು ದಿನಕ್ಕೆ ಹೋಗುತ್ತೆ" ಅಂತ ಬಿಡಬಾರದು. ಡಿಜಿಟಲ್ ಥರ್ಮಾಮೀಟರ್ ಇಟ್ಟುಕೋ. 100.4 ಫ್ಯಾರನ್‌ಹೀಟ್ ಮುಟ್ಟಿದರೆ ರಾತ್ರಿಯಾದರೂ ಹೊರಡಲೇಬೇಕು. ಮೈ ಬಿಸಿ ಅನಿಸಿದ ಕೂಡಲೇ ಪ್ಯಾರಾಸಿಟಮಾಲ್ ನುಂಗಿಸಬೇಡ. ಜ್ವರ ಇಳಿದ ಹಾಗೆ ಕಾಣುತ್ತೆ, ಸೋಂಕು ಒಳಗೇ ಬೆಳೆಯುತ್ತೆ. ಆಸ್ಪತ್ರೆ ಬಾಗಿಲಲ್ಲೇ "ಕೀಮೋ ನಡೀತಿದೆ, ಜ್ವರ ಬಂದಿದೆ" ಅಂತ ಹೇಳು. ತಡ ಮಾಡದೆ ನರಕ್ಕೆ ಆಂಟಿಬಯೋಟಿಕ್ ಕೊಡಬೇಕಾಗುತ್ತೆ.

ಹಾಗಾಗಿ ಯಾರ ಮನೆ ಜೀಪು, ರಾತ್ರಿ ಯಾರು ಓಡಿಸುತ್ತಾರೆ ಅಂತ ಈಗಲೇ ಮಾತಾಡಿಕೋ. ಮರ ಬಿದ್ದರೆ ಯಾವ ದಾರಿ ಅಂತಾನೂ ಕೇಳಿಕೋ. ಫೈಲು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಬಾಗಿಲ ಹತ್ತಿರ ಇಡು. ಶಿವಮೊಗ್ಗದಲ್ಲಿ ನೆಂಟರಿದ್ದರೆ ಆ ಒಂದು ವಾರ ಅಮ್ಮನನ್ನು ಅಲ್ಲೇ ಇರಿಸಿದರೆ ಇನ್ನೂ ಒಳ್ಳೇದು. ನಾವು ಹಾಗೇ ಮಾಡಿದ್ವಿ.

ಅಬ್ಬಿ ನೀರು ಎಷ್ಟೇ ತಿಳಿಯಾಗಿದ್ದರೂ ಮಳೆಗಾಲದಲ್ಲಿ ಕೊಳೆ ಇಳಿದಿರುತ್ತೆ. ಚೆನ್ನಾಗಿ ಕೊತಕೊತ ಕುದಿಸಿ ಮುಚ್ಚಿಡಬೇಕು. ಆ ಕೆಲಸ ಅಪ್ಪನಿಗೇ ಕೊಡು. ಸೌದೆ ಹೇಗೂ ಒಟ್ಟಿದ್ದಾರೆ, ಅವರಿಗೂ ಮಾಡೋಕೆ ಒಂದು ಕೆಲಸ ಬೇಕು ಅಲ್ವಾ. ಕೊಟ್ಟಿಗೆ ಮಾತ್ರ ಬೇಡವೇ ಬೇಡ. ಸಗಣಿ, ಬೂಷ್ಟು ಹಿಡಿದ ಹುಲ್ಲಿನ ಧೂಳು ಎರಡೂ ಈ ಹೊತ್ತಿಗೆ ಅಪಾಯ. ಅಮ್ಮ ಜಗಲಿಯಲ್ಲಿ ಕೂತು ದನಗಳನ್ನು ಹೆಸರು ಹಿಡಿದು ಕರೆಯಲಿ, ಸಾಕು.

ಕೀಮೋ ವಾರ್ಡಿನ ನರ್ಸ್

ಅಕ್ಕ ಹೇಳಿದ್ದು ಸರಿ. ಇನ್ನೊಂದಿಷ್ಟು ಸೇರಿಸುತ್ತೇನೆ.

ಆಪರೇಷನ್ ಆದ ಬದಿಯ ಕೈಗೆ ಸೂಜಿ, ಬಿಪಿ ಪಟ್ಟಿ ಬೇಡ ಅಂತ ಪ್ರತಿ ಸಲ ನೆನಪಿಸಿ. ಮೊದಲ 4 ಡೋಸಿನಲ್ಲಿ ಸಾಮಾನ್ಯವಾಗಿ ಕೆಂಪು ಬಣ್ಣದ ಔಷಧಿ ಇರುತ್ತೆ. ಅದು ಹೋಗುವಾಗ ಸೂಜಿ ಹತ್ತಿರ ಸ್ವಲ್ಪ ಉರಿದರೂ ಅಮ್ಮ ತಕ್ಷಣ ಹೇಳಬೇಕು. ನಮ್ಮ ಕಡೆ ಹೆಂಗಸರು ಸಿಸ್ಟರ್‌ಗೆ ಯಾಕೆ ತೊಂದರೆ ಅಂತ ಹಲ್ಲು ಕಚ್ಚಿ ಕೂತಿರುತ್ತಾರೆ. ನರದಿಂದ ಹೊರಗೆ ಸೋರಿದರೆ ಆ ಔಷಧಿ ಚರ್ಮವನ್ನೇ ಸುಡುತ್ತೆ. ಒಂದೆರಡು ದಿನ ಮೂತ್ರ ಕೆಂಪಾಗಿ ಹೋಗಬಹುದು, ಅದು ರಕ್ತ ಅಲ್ಲ. ಆ ಎರಡು ದಿನ ಬಟ್ಟೆ, ವಾಂತಿ ಮುಟ್ಟುವಾಗ ಗ್ಲೌಸ್ ಹಾಕಿಕೊಳ್ಳಿ.

ವಾಂತಿ ಮಾತ್ರೆಯನ್ನು ವಾಂತಿ ಬರುವವರೆಗೆ ಕಾಯದೆ ಬರೆದ ಹೊತ್ತಿಗೆ ಕೊಡಿ. ಎಲೆ ಅಡಿಕೆ ಬಿಡಿಸಿ, ಬಾಯಿ ಹುಣ್ಣಿಗೆ ಅದು ವಿಷ. ಉಪ್ಪು, ಅಡುಗೆ ಸೋಡಾ ಹಾಕಿದ ನೀರಲ್ಲಿ ಬಾಯಿ ಮುಕ್ಕಳಿಸಲಿ. ಅಮೃತಬಳ್ಳಿಯಿಂದ ಲಿವರ್ ಕೆಟ್ಟ ಉದಾಹರಣೆಗಳಿವೆ, ಕೀಮೋ ಮಧ್ಯೆ ಬೇಡ. ಮನೆ ಹಾಲು ಚೆನ್ನಾಗಿ ಕಾಯಿಸಿ ಹೆಪ್ಪು ಹಾಕಿದ ಮೊಸರು ಕೊಡಬಹುದು. ಹಸಿ ಸೊಪ್ಪಿನ ತಂಬುಳಿ ಮಾತ್ರ ಸದ್ಯಕ್ಕೆ ಬಿಡಿ. ಪತ್ರೊಡೆ ಚೆನ್ನಾಗಿ ಬೇಯುತ್ತೆ, ಬಾಯಿ ಹುಣ್ಣಿಲ್ಲದಿದ್ದರೆ ತಿನ್ನಲಿ.

ತೀರ್ಥಹಳ್ಳಿ ಮೇಷ್ಟ್ರು

ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಸಿಗುತ್ತೆ. ಖಾಸಗಿ ಆಸ್ಪತ್ರೆಯಾದರೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಕೇಳುತ್ತಾರೆ. ಸೋಮವಾರದ ಒಳಗೆ ಮಾಡಿಸಿಕೊಳ್ಳಿ.

ಹೊಸನಗರ ಕಡೆಯವಳು

ಎಲ್ಲರಿಗೂ ಕೈ ಮುಗಿದೆ. ಜೀಪಿಗೆ ಪಕ್ಕದ ಮನೆ ಅಣ್ಣ ಒಪ್ಪಿದ್ದಾರೆ. ಹಾಲು ಕರೆಯೋದು ನಾನು ಮತ್ತು ಅತ್ತಿಗೆ ನೋಡಿಕೊಳ್ತೀವಿ. ಇನ್ನೊಂದು ಕೇಳಲಾ? ಅಮ್ಮ ದಿನಾ ಡೇರೆ ಹೂವು ಮುಡಿಯುವವರು. ಕೂದಲು ಯಾವಾಗ ಉದುರುತ್ತೆ? ಮೊದಲೇ ಹೇಳಬೇಕಾ?

ಸಾಗರದ ಅಕ್ಕ

ಮೊದಲೇ ಹೇಳು, ತಂಗಿ. ಎರಡು ಮೂರು ವಾರಕ್ಕೆ ಶುರುವಾಗುತ್ತೆ, ದಿಂಬಿನ ಮೇಲೆ ಗೊಂಚಲು ಗೊಂಚಲಾಗಿ ಬೀಳುತ್ತೆ. ಅದನ್ನು ನೋಡೋದು ಕಷ್ಟ. ಅಮ್ಮ ಒಪ್ಪಿದರೆ ಈ ವಾರವೇ ಚಿಕ್ಕದಾಗಿ ಕತ್ತರಿಸು, ಒಪ್ಪದಿದ್ದರೆ ಒತ್ತಾಯ ಬೇಡ. ಹತ್ತಿ ಬಟ್ಟೆಯ ಟೋಪಿ ಎರಡು ಹೊಲಿಸು, ಮಳೆಗಾಲದಲ್ಲಿ ತಲೆ ತಣ್ಣಗಾಗುತ್ತೆ. ಕೀಮೋ ಮುಗಿದ ಮೇಲೆ ಕೂದಲು ಮತ್ತೆ ಬರುತ್ತೆ ಅಂತಾನೂ ಅವತ್ತೇ ಹೇಳು.