ರೆಟ್ರೋ ಕಾರಿಗೆ ಕನ್ನಡದಲ್ಲಿ ಏನನ್ನೋಣ? ‘ಹಳೇ ಧಾಟಿ’ ಹೊಂದುತ್ತದಾ?

ಎಲ್ಲರಿಗೂ ನಮಸ್ಕಾರ.

ಒಂದು ಪದಕ್ಕಾಗಿ ನಾಲ್ಕು ದಿನದಿಂದ ತಡಕಾಡುತ್ತಿದ್ದೇನೆ. ಮಕ್ಕಳ ಪತ್ರಿಕೆಯೊಂದಕ್ಕೆ ಬ್ಯಾಟರಿ ಕಾರುಗಳ ಬಗ್ಗೆ ಬರೆದುಕೊಡಬೇಕಿದೆ. ಅದರಲ್ಲಿ ರೆನೋ 5 ಕತೆ ಬರುತ್ತದೆ. 1972ರಲ್ಲಿ ಫ್ರಾನ್ಸಿನಲ್ಲಿ ಬಂದ ಪುಟ್ಟ ಪೆಟ್ರೋಲ್ ಕಾರು ಅದು. 2024ರಲ್ಲಿ ಅದೇ ಹೆಸರಿಟ್ಟು, ಅದೇ ಚಹರೆ ಕೊಟ್ಟು, ಬ್ಯಾಟರಿಯಲ್ಲಿ ಓಡುವ ಹೊಸ ಕಾರನ್ನು ತಂದರು. ಇಂಥದ್ದಕ್ಕೆ ಇಂಗ್ಲಿಷಿನಲ್ಲಿ ರೆಟ್ರೋ ಅನ್ನುತ್ತಾರೆ. ಕನ್ನಡದಲ್ಲಿ ಏನನ್ನೋಣ?

ರೆಟ್ರೋ ಅಂತಲೇ ಬರೆದರೆ ಆಯ್ತಲ್ಲ ಎಂದು ಕೇಳಬಹುದು. ಮೊದಲು ನಾನೂ ಹಾಗೇ ಬರೆದೆ. ಎರಡು ಪ್ಯಾರಾ ಆದಮೇಲೆ ರೆಟ್ರೊಫಿಟ್ ಬಂತು. ಅಲ್ಲಿ ಕೆಟ್ಟಿತು. ರೆಟ್ರೊಫಿಟ್ ಅಂದರೆ ಹಳೇ ಗಾಡಿಯ ಎಂಜಿನ್ ಇಳಿಸಿ, ಮೋಟಾರು ಮತ್ತು ಬ್ಯಾಟರಿ ಕೂರಿಸುವುದು. ಫ್ರಾನ್ಸಿನಲ್ಲಿ ಇದಕ್ಕೆ 2020ರಲ್ಲಿ ಕಾನೂನೇ ಬಂತು. ನಮ್ಮಲ್ಲೂ ಆಟೋಗಳಿಗೆ ಹೀಗೆ ಮಾಡುತ್ತಾರೆ. ಅಲ್ಲಿ ಬಾಡಿ ನಿಜವಾಗಿಯೂ ಹಳೇದು, ಒಳಗಿನದು ಹೊಸದು. ರೆಟ್ರೋ ಕಾರಿನಲ್ಲಿ ಬಾಡಿಯೂ ಹೊಸದೇ. ಹಳೇದನ್ನು ನೆನಪಿಸುವ ಹಾಗೆ ಬೇಕೆಂದೇ ಮಾಡಿರುತ್ತಾರೆ. ಎರಡೂ ಪದ ಒಂದೇ ಪುಟದಲ್ಲಿ ಬಂದರೆ ಹತ್ತು ವರ್ಷದ ಮಗುವಿಗೆ ಏನು ಗೊತ್ತಾಗಬೇಕು? ರೆಟ್ರೊಫಿಟ್ ಇದ್ದಲ್ಲಿ ‘ಮೋಟಾರು ಕೂರಿಸಿದ ಹಳೇ ಕಾರು’ ಎಂದು ಬರೆದು ಮುಗಿಸಿದೆ. ರೆಟ್ರೋ ಮಾತ್ರ ಬಗೆಹರಿಯಲಿಲ್ಲ.

ಲ್ಯಾಟಿನ್ನಿನಲ್ಲಿ ರೆಟ್ರೋ ಅಂದರೆ ‘ಹಿಂದಕ್ಕೆ’. ಹಳೇದರ ಸೊಗಸು ಎಂಬ ಈಗಿನ ಅರ್ಥ ಇಂಗ್ಲಿಷಿಗೆ ಬಂದಿದ್ದು ಫ್ರೆಂಚಿನಿಂದ, 1970ರ ದಶಕದಲ್ಲಿ. ಫ್ರೆಂಚರು ಮಾತಿನಲ್ಲಿ ಕಾರಿನ ಹಿನ್ನೋಟದ ಕನ್ನಡಿಗೂ ರೆಟ್ರೋ ಅಂತಲೇ ಅನ್ನುತ್ತಾರೆ. ಇದು ನನಗೆ ತುಂಬಾ ಹಿಡಿಸಿತು. 2020ರಲ್ಲಿ ಮಾರಾಟಕ್ಕೆ ಬಂದ ‘ಹೋಂಡಾ ಇ’ ಎಂಬ ಬ್ಯಾಟರಿ ಕಾರು ನೋಡಿ, 1970ರ ದಶಕದ ಮೊದಲ ಸಿವಿಕ್ ಕಾರನ್ನು ನೆನಪಿಸುವ ಮುಖ ಅದರದ್ದು. ಆದರೆ ಅದಕ್ಕೆ ಪಕ್ಕದ ಕನ್ನಡಿಗಳೇ ಇಲ್ಲ, ಆ ಜಾಗದಲ್ಲಿ ಕ್ಯಾಮೆರಾ ಇದೆ. ಒಂದು ರೆಟ್ರೋ ಉಳಿದು ಇನ್ನೊಂದು ರೆಟ್ರೋ ಹೋಯಿತು.

ನಮ್ಮ ಸರ್ಕಾರಿ ಕನ್ನಡದಲ್ಲಿ ‘ಪೂರ್ವಾನ್ವಯ’ ಇದೆ. ಹಿಂದಿನ ತಾರೀಖಿನಿಂದ ಜಾರಿಯಾಗುವ ಆದೇಶಕ್ಕೆ ಆ ಪದ ಸರಿ. ಕಾರಿಗೆ ಹಚ್ಚಿದರೆ ಹಿಂಬಾಕಿ ಸಂಬಳದ ನೆನಪು ಬರುತ್ತದೆ. ‘ಪುರಾತನ ಶೈಲಿ’ ಅಂದರೆ ಕಣ್ಣ ಮುಂದೆ ಗುಡಿ ಗೋಪುರ ನಿಲ್ಲುತ್ತದೆ, ಐವತ್ತು ವರ್ಷದ ಹಿಂದಿನ ಕಾರಲ್ಲ. ‘ಹಳೇ ಮಾದರಿಯ ಕಾರು’ ಕೇಳಲು ಚೆನ್ನಾಗಿದೆ, ಆದರೆ ನಮ್ಮ ಕಡೆ ಗಾಡಿ ಮಾರುವವರು ‘ಇದು ಹಳೇ ಮಾಡೆಲ್’ ಅಂದರೆ ಬೆಲೆ ಇಳಿಯುತ್ತದೆ ಅಂತ ಅರ್ಥ. ‘ಹಳೇ ಕಾಲದ ಕಾರು’ ಎಂಬುದು ವಿಂಟೇಜ್ ಕಾರಿಗೆ ಬೇಕು. 2021ರಲ್ಲಿ ಕೇಂದ್ರ ಸರ್ಕಾರ ಮಾಡಿದ ನಿಯಮದ ಪ್ರಕಾರ, ನೋಂದಣಿಯಾಗಿ 50 ವರ್ಷ ದಾಟಿದ, ಮೂಲ ರೂಪದಲ್ಲೇ ಉಳಿಸಿಕೊಂಡ ಗಾಡಿ ವಿಂಟೇಜ್. ಅದರ ನಂಬರಿನಲ್ಲಿ ವಿಎ ಎಂಬ ಅಕ್ಷರ ಬರುತ್ತದೆ. ಅಂದರೆ ವಿಂಟೇಜ್ ಎನ್ನುವುದು ವಯಸ್ಸಿನ ಮಾತು. ರೆಟ್ರೋ ಹಾಗಲ್ಲ.

ನಕಲು, ಪಡಿಯಚ್ಚು, ತದ್ರೂಪ ಇವೂ ಆಗುವುದಿಲ್ಲ. ಹಳೇ ರೆನೋ 5 ಸುಮಾರು 3.5 ಮೀಟರ್ ಉದ್ದ ಇತ್ತು. ಹೊಸದು 3.92 ಮೀಟರ್. ಹ್ಯುಂಡೈ ಅಯಾನಿಕ್ 5 ಎಂಬ ಬ್ಯಾಟರಿ ಕಾರು ಇನ್ನೂ ದೂರ ಹೋಗಿದೆ. 1974ರ ಟ್ಯೂರಿನ್ ಕಾರು ಮೇಳದಲ್ಲಿ ತೋರಿಸಿದ ಹ್ಯುಂಡೈ ಪೋನಿ ಅದಕ್ಕೆ ಮಾದರಿ. ಜುಜಾರೊ ಎಂಬ ಇಟಲಿಯ ವಿನ್ಯಾಸಕಾರ ಬಿಡಿಸಿದ್ದ ಪುಟ್ಟ ಕಾರು ಪೋನಿ, ಇಡೀ ಗಾಡಿ 4 ಮೀಟರ್ ಕೂಡ ಇರಲಿಲ್ಲ. ಅಯಾನಿಕ್ 5ರಲ್ಲಿ ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ನಡುವೆಯೇ 3 ಮೀಟರ್ ಇದೆ. ಇದನ್ನು ನಕಲು ಅಂದರೆ ಬಿಡಿಸಿದವರಿಗೆ ಅನ್ಯಾಯ. ನೇರ ಗೆರೆಗಳು, ಮೂಲೆ ಮುರಿದ ಹಾಗಿರುವ ಮೈ, ಇಷ್ಟನ್ನೇ ಇಟ್ಟುಕೊಂಡು ಉಳಿದದ್ದನ್ನು ಹೊಸದಾಗಿ ಕಟ್ಟಿದ್ದಾರೆ.

ಹೋದ ವಾರ ಅಪ್ಪನ ಜೊತೆ ಇದೇ ಮಾತಾಡುತ್ತಿದ್ದೆ. ಅಪ್ಪ ಹದಿನೆಂಟು ವರ್ಷ ಚೇತಕ್ ಓಡಿಸಿದವರು. ಕಾರಲ್ಲ, ಸ್ಕೂಟರು. ಆದರೂ ವಿಷಯ ಒಂದೇ. 1972ರಲ್ಲಿ ಬಂದ ಚೇತಕ್ ಹೆಸರಿನಲ್ಲೇ 2020ರ ಜನವರಿಯಲ್ಲಿ ಬ್ಯಾಟರಿ ಸ್ಕೂಟರು ಬಂತು, ಮೊದಲು ಪುಣೆಗೆ ಮತ್ತು ಬೆಂಗಳೂರಿಗೆ. ಅದಕ್ಕೂ ಲೋಹದ ಮೈಯೇ. ಪಕ್ಕದ ಮನೆಯವರು ತಂದಾಗ ಅಪ್ಪ ಒಂದು ಸುತ್ತು ಓಡಿಸಿದರು. ‘ಥೇಟ್ ಚೇತಕ್ ಥರಾನೇ ಮಾಡಿದಾರಲ್ಲೋ’ ಅಂದರು. ಆಮೇಲೆ ನೋಡಿದರೆ ಎಡಗೈ ಸುಮ್ನೆ ಹಿಡಿಕೆ ತಿರುಗಿಸುತ್ತಿದೆ. ಹಳೇ ಚೇತಕ್‌ನಲ್ಲಿ ಗೇರು ಅಲ್ಲಿತ್ತು. ಇದರಲ್ಲಿ ಗೇರೇ ಇಲ್ಲ.

ಅಪ್ಪನ ಮಾತಿನಲ್ಲಿ ‘ಮಾಡಿದಾರೆ’ ಎನ್ನುವುದನ್ನು ಗಮನಿಸಿ. ಮೊಮ್ಮಗನಿಗೆ ಅಜ್ಜನ ಮುಖ ಬಂದರೆ ‘ಥೇಟ್ ಅಜ್ಜ’ ಅನ್ನುತ್ತೇವೆ, ಅದು ತಾನಾಗಿ ಬಂದ ಹೋಲಿಕೆ. ಇದು ತಂದ ಹೋಲಿಕೆ. ಹಾಗಾಗಿ ನಮಗೆ ಬೇಕಾದ ಪದದಲ್ಲಿ ಮೂರು ಸಂಗತಿ ಇರಬೇಕು. ವಸ್ತು ಹೊಸದು. ರೂಪ ಹಳೇದನ್ನು ನೆನಪಿಸುತ್ತದೆ. ಅದು ಬೇಕೆಂದು ಮಾಡಿದ್ದು.

ಆಗ ಹೊಳೆದಿದ್ದು ‘ಧಾಟಿ’. ಮಾತಿನ ಧಾಟಿ ಅಂತ ಎಲ್ಲರೂ ಬಳಸುತ್ತೇವೆ. ನಾನು ಹೇಳುತ್ತಿರುವುದು ಹಾಡಿನ ಧಾಟಿ. ಅಜ್ಜಿಯ ಭಜನೆ ಪುಸ್ತಕದಲ್ಲಿ ಪ್ರತಿ ಹಾಡಿನ ತಲೆಯ ಮೇಲೆ ಇಂಥ ಹಾಡಿನ ಧಾಟಿ ಎಂದು ಅಚ್ಚು ಹಾಕಿರುತ್ತಿದ್ದರು. ಪದ ಎಲ್ಲಾ ಹೊಸದು, ಆದರೆ ಜನರ ನಾಲಿಗೆಯ ಮೇಲಿರುವ ರಾಗಕ್ಕೆ ಕೂರಿಸಿದ್ದು. ಕಂಪನಿ ನಾಟಕದವರು, ಸಾಕ್ಷರತೆ ಆಂದೋಲನದ ಹಾಡು ಕಟ್ಟಿದವರು ಎಲ್ಲರೂ ಇದೇ ದಾರಿ ಹಿಡಿದರು. ಯಕ್ಷಗಾನದವರು ಮಟ್ಟು ಅನ್ನುತ್ತಾರೆ. ಅದನ್ನು ಯಾರೂ ಕಳವು ಎನ್ನಲಿಲ್ಲ. ಯಾವ ಧಾಟಿ ಅಂತ ಮೊದಲೇ ಹೇಳಿಬಿಡುವುದು ಪದ್ಧತಿ. ರೆಟ್ರೋ ಕಾರೂ ಹಾಗೇ ಅಲ್ವಾ? ಹೆಸರಿನಲ್ಲೇ ‘ರೆನೋ 5 ಧಾಟಿ’ ಎಂದು ಬರೆದುಕೊಂಡೇ ಬರುತ್ತದೆ.

ಇನ್ನೂ ಒಂದು ಕಾರಣಕ್ಕೆ ನನಗೆ ಈ ಪದ ಇಷ್ಟ. ಮೂಲ ಹಾಡು ಗೊತ್ತಿಲ್ಲದವನಿಗೆ ಧಾಟಿಯ ಸೂಚನೆ ಏನೂ ಹೇಳುವುದಿಲ್ಲ. ನಮ್ಮೂರಿನಲ್ಲಿ ಹಳೇ ರೆನೋ 5 ಕಂಡವರು ಎಷ್ಟು ಜನ? ನಮ್ಮ ಮಗುವಿಗೆ ಹೊಸ ರೆನೋ 5 ಬರೀ ಚಂದದ ಹಳದಿ ಕಾರು. ಪ್ಯಾರಿಸಿನ ಅಜ್ಜಿಗೆ ಅದು ತಾನು ಓಡಿಸಿದ ಮೊದಲ ಕಾರು ಆಗಿರಬಹುದು. ನೋಡುವವರ ನೆನಪಿನ ಮೇಲೆ ನಿಂತಿರುವ ಗುಣ ಇದು. ‘ಹಳೇ ಧಾಟಿಯ ಕಾರು’ ಎಂದರೆ ಆ ಗುಣವೂ ಸೇರುತ್ತದೆ, ‘ಹಳೇ ಶೈಲಿ’ ಎಂದರೆ ಸೇರುವುದಿಲ್ಲ.

ಇದರ ಜೊತೆಗೆ ಇನ್ನೊಂದು ಚಿಕ್ಕ ತೊಡಕು. ಬ್ಯಾಟರಿ ಕಾರಿಗೆ ಎಂಜಿನ್ ಇಲ್ಲ, ಹಾಗಾಗಿ ಅದನ್ನು ತಣಿಸಲು ಗಾಳಿ ಬಿಡುವ ದೊಡ್ಡ ಜಾಲರಿ (ಗ್ರಿಲ್) ಮುಂದೆ ಬೇಕಾಗುವುದಿಲ್ಲ. ಆದರೂ ಮುಖ ಗುರುತು ಸಿಗಲಿ ಅಂತ ಕೆಲವು ಕಾರುಗಳಲ್ಲಿ ಜಾಲರಿಯ ಆಕಾರ ಉಳಿಸಿರುತ್ತಾರೆ. ಗಾಳಿ ತೂರುವ ಕಿಂಡಿ ಇರುವುದಿಲ್ಲ. ಇದನ್ನು ‘ನಕಲಿ ಜಾಲರಿ’ ಅನ್ನಲು ಮನಸ್ಸಿಲ್ಲ, ನಕಲಿ ಅಂದರೆ ಮೋಸ ಇದೆ. ‘ಹುಸಿ ಜಾಲರಿ’ ಹೇಗೆ? ಹುಸಿಮುನಿಸು, ಹುಸಿಕೋಪ ಅಂತೀವಿ. ಅದರಲ್ಲಿ ಸುಳ್ಳಿದೆ, ಕೆಡುಕಿಲ್ಲ. ಎದುರಿಗಿರುವವರಿಗೂ ಅದು ಗೊತ್ತಿರುತ್ತದೆ.

ಆದರೆ ರೆನೋ 5ರ ಬಾನೆಟ್ ಮೇಲಿರುವುದಕ್ಕೆ ಹುಸಿ ಕೂಡ ಹೊಂದುವುದಿಲ್ಲ. ಹಳೇ ಕಾರಿನ ಬಾನೆಟ್ ಮೇಲೆ ಒಂದು ಪಕ್ಕಕ್ಕೆ ಗಾಳಿಕಿಂಡಿ ಇತ್ತು. ಹೊಸದರಲ್ಲಿ ಅದೇ ಜಾಗದಲ್ಲಿ, ಅದೇ ಅಳತೆಯ ಹಾಗೆ ಕಾಣುವ ಒಂದು ದೀಪದ ಪಟ್ಟಿ ಇಟ್ಟಿದ್ದಾರೆ. ಬ್ಯಾಟರಿ ಎಷ್ಟು ತುಂಬಿದೆ ಎಂದು 5 ಅಂಕಿಯ ಆಕಾರದಲ್ಲಿ ಬೆಳಗಿ ತೋರಿಸುತ್ತದೆ. ಜಾಗ ಅದೇ, ಕೆಲಸ ಬೇರೆ. ನಮ್ಮ ಪದಗಳಲ್ಲಿ ಇದು ಎಷ್ಟೋ ಸಲ ಆಗಿದೆ. ಎಳ್ಳಿನ ನೆಯ್ ‘ಎಣ್ಣೆ’ ಆಯಿತು, ಈಗ ಕೊಬ್ಬರಿ ಎಣ್ಣೆ, ಸೀಮೆಎಣ್ಣೆ ಅನ್ನುವಾಗ ಎಳ್ಳು ಯಾರಿಗೂ ನೆನಪಾಗುವುದಿಲ್ಲ. ಎತ್ತು ಎಳೆಯುತ್ತಿದ್ದ ‘ಗಾಡಿ’ಯನ್ನು ಈಗ ಚಾರ್ಜಿಗೆ ಹಾಕುತ್ತೇವೆ. ಇಂಥ ಭಾಗಕ್ಕೆ ಒಂದೇ ಪದ ನನಗೆ ಸಿಕ್ಕಿಲ್ಲ. ಸದ್ಯಕ್ಕೆ ‘ಕೆಲಸ ಬದಲಿಸಿದ ಕಿಂಡಿ’ ಎಂದು ಬಿಡಿಸಿ ಬರೆದಿದ್ದೇನೆ.

ಈಗ ನನ್ನ ಪ್ರಶ್ನೆಗಳು. ಧಾಟಿ ಕಿವಿಗೆ ಸೇರಿದ ಪದ. ಕಣ್ಣಿಗೆ ಕಾಣುವ ವಸ್ತುವಿಗೆ, ಅಂದರೆ ಮನೆ, ಸೀರೆ ಅಂಚು, ಒಡವೆ ಇಂಥವಕ್ಕೆ ನಿಮ್ಮ ಊರಿನಲ್ಲಿ ಯಾರಾದರೂ ಧಾಟಿ ಬಳಸುವುದನ್ನು ಕೇಳಿದ್ದೀರಾ? ಅಕ್ಕಸಾಲಿಗರು ಹಳೇ ನಮೂನೆಯಲ್ಲಿ ಹೊಸ ಒಡವೆ ಮಾಡಿಕೊಟ್ಟಾಗ ಅದಕ್ಕೆ ಏನನ್ನುತ್ತಾರೆ? ಧಾರವಾಡ, ಕಲಬುರಗಿ ಕಡೆಯವರು, ಕರಾವಳಿಯವರು ದಯವಿಟ್ಟು ತಿಳಿಸಿ. ಬಸ್ಸು, ಲಾರಿಗೆ ಬಾಡಿ ಕಟ್ಟುವವರ ಒಡನಾಟ ಇರುವವರು ಯಾರಾದರೂ ಇದ್ದರೆ ಇನ್ನೂ ಒಳ್ಳೇದು. ‘ಹಳೇ ಬಸ್ಸಿನ ಥರ ಮುಂಭಾಗ ಮಾಡಿಕೊಡಿ’ ಎಂದು ಗಿರಾಕಿ ಕೇಳಿದರೆ ಅವರು ತಮ್ಮೊಳಗೆ ಯಾವ ಪದ ಆಡಿಕೊಳ್ಳುತ್ತಾರೆ? ಲೇಖನ ಕೊಡಲು ಇನ್ನೂ ಹತ್ತು ದಿನ ಇದೆ.