ಬೇಸಿಗೆಯಲ್ಲಿ ಹೂ ಉದುರಿಸುವ ಟೊಮೆಟೊ, ಕಹಿಯಾಗುವ ಸೌತೆ, ಸೊರಗುವ ಹೂಮಡಿ: ನೀರು ಮಿತವಾಗಿರುವಾಗ ಏನು ಮಾಡಬೇಕು?

ಹೊಸಚಿಗುರು ಅವರ ಪ್ರಶ್ನೆ:

ಎಲ್ಲರಿಗೂ ನಮಸ್ಕಾರ. ಮನೆಯ ಹಿತ್ತಿಲಿನಲ್ಲಿ ಟೊಮೆಟೊ, ಸೌತೆ, ಬೆಂಡೆ ಮತ್ತು ಹುರುಳಿಕಾಯಿ ಬೆಳೆಸುತ್ತಿದ್ದೇನೆ. ಅವುಗಳಿಗೆ ಹೊಂದಿಕೊಂಡಂತೆಯೇ ಚೆಂಡುಹೂ, ಜಿನಿಯಾ ಮತ್ತು ಕಾಸ್ಮಾಸ್ ಗಿಡಗಳ ಎರಡು ಮಡಿಗಳಿವೆ. ಬಿಸಿಲು ಏರುವವರೆಗೆ ಎಲ್ಲವೂ ಹುಲುಸಾಗಿದ್ದವು. ಈಗ ಟೊಮೆಟೊ ಗಿಡಗಳು ಮೊದಲಿನಷ್ಟೇ ಹೂ ಬಿಡುತ್ತಿದ್ದರೂ ಆ ಹೂಗಳು ಕಾಯಿ ಕಚ್ಚದೆ ತೊಟ್ಟಿನ ಸಮೇತ ಉದುರುತ್ತಿವೆ. ಕಚ್ಚಿದ ಕೆಲವು ಕಾಯಿಗಳ ತಳಭಾಗವೂ ಕಪ್ಪಾಗಿ ಗುಳಿ ಬೀಳುತ್ತಿದೆ. ಸೌತೆಕಾಯಿಯ ತೊಟ್ಟಿನ ಕಡೆಯ ತುಂಡು ಕಹಿಯಾಗಿದೆ. ಹೂಮಡಿಯಲ್ಲಿ ಮೊಗ್ಗುಗಳು ಕಡಿಮೆಯಾಗಿವೆ, ಮಧ್ಯಾಹ್ನವಾಗುತ್ತಿದ್ದಂತೆ ಎಲೆಗಳು ಜೋತುಬೀಳುತ್ತವೆ.

ನನ್ನ ಪ್ರಶ್ನೆಗಳು ಎರಡು. ಇವೆಲ್ಲಕ್ಕೂ ಪೋಷಕಾಂಶದ ಕೊರತೆ ಕಾರಣವೆಂದು ತಿಳಿದು ಗೊಬ್ಬರ ಹೆಚ್ಚಿಸಬೇಕೆ? ನೀರು ಮಿತವಾಗಿರುವುದರಿಂದ ಹೂವಿನ ಮಡಿಗಳನ್ನು ತೆಗೆದುಹಾಕಿ, ಇರುವ ನೀರನ್ನೆಲ್ಲ ತರಕಾರಿಗೇ ಮೀಸಲಿಡುವುದು ಸರಿಯೆ?

ಬೇರುಮಣ್ಣು ಅವರ ಉತ್ತರ:

ಮೊದಲಿಗೆ, ದಯವಿಟ್ಟು ಈಗ ಗೊಬ್ಬರ ಹೆಚ್ಚಿಸಬೇಡಿ. ಹಗಲಿನ ತಾಪಮಾನ 32ರಿಂದ 35 ಡಿಗ್ರಿ ಸೆಲ್ಸಿಯಸ್ ದಾಟಿ, ರಾತ್ರಿಯೂ 21ರಿಂದ 24 ಡಿಗ್ರಿಗಿಂತ ಕೆಳಗಿಳಿಯದೆ ಹಲವು ದಿನ ಕಳೆದರೆ ಟೊಮೆಟೊ ಹೂವಿನ ಪರಾಗ ಸತ್ವ ಕಳೆದುಕೊಳ್ಳುತ್ತದೆ. ಫಲಿತವಾಗದ ಹೂವನ್ನು ಗಿಡ ತಾನೇ ಕಳಚಿಹಾಕುತ್ತದೆ. ಹಗಲಿನ ಬಿಸಿಲನ್ನೇ ನಾವು ದೂರುತ್ತೇವೆ, ಆದರೆ ಆರದ ರಾತ್ರಿಯ ಸೆಕೆಯೂ ಅಷ್ಟೇ ಹಾನಿ ಮಾಡುತ್ತದೆ. ಇಂತಹ ಹೊತ್ತಿನಲ್ಲಿ ಸಾರಜನಕ ಹೆಚ್ಚಿರುವ ಗೊಬ್ಬರ ಕೊಟ್ಟರೆ ಗಿಡ ಸೊಪ್ಪು ಬೆಳೆಸುವುದರಲ್ಲಿ ತೊಡಗುತ್ತದೆಯೇ ಹೊರತು ಕಾಯಿ ಕಚ್ಚುವುದಿಲ್ಲ, ಮತ್ತು ಹೆಚ್ಚಿದ ಸೊಪ್ಪು ಇನ್ನಷ್ಟು ನೀರು ಕೇಳುತ್ತದೆ. ಗಿಡವನ್ನು ಆರೋಗ್ಯವಾಗಿ ಉಳಿಸಿಕೊಂಡರೆ ಸಾಕು, ತಂಪು ಮರಳಿದಾಗ ಅದು ಮತ್ತೆ ಕಾಯಿ ಹಿಡಿಯುತ್ತದೆ. ಮಧ್ಯಾಹ್ನದ ಬಿಸಿಲು ಬೀಳುವ ಕಡೆಗೆ ಶೇಕಡಾ 30ರಿಂದ 40ರಷ್ಟು ನೆರಳು ಕೊಡುವ ಬಲೆ ಕಟ್ಟಿದರೆ ಹೂಗಳಿಗೂ ಅನುಕೂಲ, ಕಾಯಿಯ ಮೈ ಬಿಸಿಲಿಗೆ ಬೆಂದು ಬೆಳ್ಳಗಾಗುವುದೂ ತಪ್ಪುತ್ತದೆ.

ಕಾಯಿಯ ತಳ ಕಪ್ಪಾಗುವುದು ರೋಗವಲ್ಲ. ಬೆಳೆಯುತ್ತಿರುವ ಕಾಯಿಯ ತುದಿಗೆ ಕ್ಯಾಲ್ಸಿಯಂ ತಲುಪದೆ ಹಾಗಾಗುತ್ತದೆ. ಬಹುಪಾಲು ಸಂದರ್ಭಗಳಲ್ಲಿ ಮಣ್ಣಿನಲ್ಲಿ ಕ್ಯಾಲ್ಸಿಯಂ ಸಾಕಷ್ಟು ಇರುತ್ತದೆ. ಅದು ನೀರಿನೊಂದಿಗೇ ಮೇಲೇರಬೇಕಾದ್ದರಿಂದ, ಮಣ್ಣು ಒಮ್ಮೆ ಪೂರ್ತಿ ಒಣಗಿ ಒಮ್ಮೆ ಕೆಸರಾದರೆ ಆ ಪೂರೈಕೆ ಕಡಿದುಹೋಗುತ್ತದೆ. ಹಾಗಾಗಿ ಮೊಟ್ಟೆಯ ಚಿಪ್ಪನ್ನು ಪುಡಿಮಾಡಿ ಹಾಕಿದರೆ ಈ ಋತುವಿನ ಕಾಯಿಗಳಿಗೆ ಪ್ರಯೋಜನವಿಲ್ಲ, ಏಕೆಂದರೆ ಅದು ಕರಗುವುದೇ ಬಹಳ ನಿಧಾನ. ಸೌತೆಯ ಕಹಿಗೂ ಬಹುಮಟ್ಟಿಗೆ ಇದೇ ಮೂಲ. ಗಿಡ ಬಿಸಿಲಿಗೆ ಮತ್ತು ನೀರಿನ ಏರುಪೇರಿಗೆ ಸಿಕ್ಕಿ ಬಳಲಿದಾಗ ಕುಕುರ್ಬಿಟಾಸಿನ್ ಎಂಬ ಕಹಿ ಸಂಯುಕ್ತ ಹೆಚ್ಚಾಗುತ್ತದೆ, ಅದು ತೊಟ್ಟಿನ ಬಳಿ ಮತ್ತು ಸಿಪ್ಪೆಯ ಕೆಳಗೆ ಹೆಚ್ಚು ಸೇರಿರುತ್ತದೆ. ತುಸು ಕಹಿಯಿರುವ ಸೌತೆಯ ತೊಟ್ಟಿನ ಭಾಗವನ್ನು ಕತ್ತರಿಸಿ ತೆಗೆದರೆ ಆಯಿತು. ಆದರೆ ಸೋರೆ, ಕುಂಬಳದಂತಹ ಕಾಯಿಗಳು ತೀವ್ರ ಕಹಿಯಾಗಿದ್ದರೆ ಒಂದು ತುತ್ತನ್ನೂ ತಿನ್ನಬಾರದು. ಆ ವಿಷ ಬೇಯಿಸಿದರೂ ಹೋಗುವುದಿಲ್ಲ, ಮತ್ತು ಅದರಿಂದ ಗಂಭೀರ ವಾಂತಿಭೇದಿ ಆಗುತ್ತದೆ. ಇದನ್ನು ನೀವು ಕೇಳಲಿಲ್ಲ, ಆದರೂ ಮನೆಯಲ್ಲಿ ಬಳ್ಳಿ ಬೆಳೆಸುವ ಪ್ರತಿಯೊಬ್ಬರಿಗೂ ತಿಳಿದಿರಬೇಕೆಂದು ಹೇಳುತ್ತಿದ್ದೇನೆ.

ತೋಟದಹಾದಿ ಅವರ ಉತ್ತರ:

ಮೇಲಿನ ಉತ್ತರವನ್ನು ಪೂರ್ಣವಾಗಿ ಒಪ್ಪುತ್ತೇನೆ. ನೀರಿನ ಲೆಕ್ಕವನ್ನು ಮಾತ್ರ ಸೇರಿಸುತ್ತೇನೆ. ಹಣ್ಣು ತರಕಾರಿಗಳ ಮಡಿಗೆ ವಾರಕ್ಕೆ ಸುಮಾರು 2.5 ಸೆಂಟಿಮೀಟರ್ ಆಳದ ನೀರು ಬೇಕೆಂಬುದು ಸಾಮಾನ್ಯ ಅಂದಾಜು. ಅಂದರೆ ಒಂದು ಚದರ ಮೀಟರ್ ಮಡಿಗೆ 25 ಲೀಟರ್. ಕಡು ಬೇಸಿಗೆಯಲ್ಲಿ, ಮರಳು ಮಣ್ಣಿನಲ್ಲಿ ಇದು ಸಾಲದು. ಪ್ರತಿದಿನ ಮೇಲ್ಮೈ ಒದ್ದೆಯಾಗುವಷ್ಟು ಚಿಮುಕಿಸುವುದಕ್ಕಿಂತ ಇದೇ ನೀರನ್ನು ವಾರದಲ್ಲಿ ಎರಡು ಮೂರು ಬಾರಿ, ಬೆಳಗಿನ ಹೊತ್ತು, ಬುಡಕ್ಕೆ ನಿಧಾನವಾಗಿ ಇಳಿಯುವಂತೆ ಕೊಟ್ಟರೆ ಬೇರು ಆಳಕ್ಕೆ ಹೋಗುತ್ತದೆ. ಗಿಡಗಳ ನಡುವೆ ಒಣ ಎಲೆ ಅಥವಾ ಹುಲ್ಲನ್ನು 5ರಿಂದ 8 ಸೆಂಟಿಮೀಟರ್ ದಪ್ಪ ಹೊದಿಸಿ, ಕಾಂಡದ ಸುತ್ತ ಸ್ವಲ್ಪ ಜಾಗ ಬಿಡಿ. ಕಾಂಡಕ್ಕೆ ತಾಗಿದ ಹೊದಿಕೆ ಬುಡವನ್ನು ಕೊಳೆಸುತ್ತದೆ.

ಮಧ್ಯಾಹ್ನ ಎಲೆ ಜೋತುಬಿದ್ದ ಮಾತ್ರಕ್ಕೆ ನೀರು ಹಾಕಬೇಕಾಗಿಲ್ಲ. ಬೇರು ಹೀರುವುದಕ್ಕಿಂತ ಬೇಗ ಎಲೆ ಆವಿಯಾಗಿಸುವಾಗ ಒದ್ದೆ ಮಣ್ಣಿನಲ್ಲಿರುವ ಗಿಡವೂ ಬಾಡಿದಂತೆ ಕಾಣುತ್ತದೆ. ಮರುದಿನ ಬೆಳಿಗ್ಗೆಯೂ ಅದು ಚೇತರಿಸಿಕೊಂಡಿರದಿದ್ದರೆ ಅಥವಾ ಒಂದು ಗೇಣು ಅಗೆದು ನೋಡಿದಾಗ ಮಣ್ಣು ಪುಡಿಯಾಗಿದ್ದರೆ ಆಗ ನೀರು ಕೊಡಿ.

ಹೂಮಡಿಯ ವಿಷಯದಲ್ಲಿ ನನ್ನ ಅಭಿಪ್ರಾಯ ಸ್ವಲ್ಪ ಕಠಿಣ. ನೀರು ನಿಜವಾಗಿಯೂ ಸಾಲದಿದ್ದರೆ ಎರಡು ಮಡಿಗಳಲ್ಲಿ ಒಂದನ್ನು ಬಿಟ್ಟುಬಿಡಿ. ತರಕಾರಿಗೆ ಅರೆಬರೆ ನೀರು ಕೊಡುವುದಕ್ಕಿಂತ ಅದು ಮೇಲು.

ಹೂಬುಟ್ಟಿ ಅವರ ಉತ್ತರ:

ತೋಟದಹಾದಿ ಅವರ ಕೊನೆಯ ಮಾತನ್ನು ನಾನು ಒಪ್ಪಲಾರೆ. ಟೊಮೆಟೊ ಹೂವಿಗೆ ಗಾಳಿಯ ಅಲುಗಾಟ ಸಾಕಾಗಬಹುದು, ಆದರೆ ಹೆಚ್ಚಿನ ಸೌತೆ ತಳಿಗಳಲ್ಲಿ ಗಂಡು ಹೂವೂ ಹೆಣ್ಣು ಹೂವೂ ಬೇರೆಬೇರೆ. ಜೇನುನೊಣ ಒಂದರಿಂದ ಇನ್ನೊಂದಕ್ಕೆ ಹೋಗಲೇಬೇಕು. ಸರಿಯಾಗಿ ಪರಾಗಸ್ಪರ್ಶವಾಗದ ಹೀಚು ಹಳದಿಯಾಗಿ ಒಣಗುತ್ತದೆ ಅಥವಾ ಸೊಟ್ಟಗೆ ಬೆಳೆಯುತ್ತದೆ. ಪಕ್ಕದಲ್ಲೇ ಜಿನಿಯಾ ಮತ್ತು ಕಾಸ್ಮಾಸ್ ಅರಳಿದ್ದರೆ ಜೇನುನೊಣಗಳಿಗೆ ನಿಮ್ಮ ಹಿತ್ತಿಲಿಗೆ ಬರಲು ಕಾರಣವಿರುತ್ತದೆ. ಇನ್ನೊಂದು ವಿಷಯವೆಂದರೆ, ಕಾಸ್ಮಾಸ್ ಒಮ್ಮೆ ಬೇರೂರಿದ ಮೇಲೆ ಬಹಳ ಕಡಿಮೆ ನೀರಿನಲ್ಲಿ, ಬಡ ಮಣ್ಣಿನಲ್ಲೂ ಹೂ ಬಿಡುವ ಗಿಡ. ಅದನ್ನು ಕಿತ್ತು ಉಳಿಸುವ ನೀರು ಅತ್ಯಲ್ಪ.

ನಿಮ್ಮ ಹೂಮಡಿಯಲ್ಲಿ ಮೊಗ್ಗು ಕಡಿಮೆಯಾಗಲು ಬಾಡಿದ ಹೂಗಳು ಗಿಡದಲ್ಲೇ ಉಳಿದಿರುವುದೂ ಕಾರಣವಾಗಿರಬಹುದು. ಇವು ಒಂದೇ ಋತುವಿನಲ್ಲಿ ಬಾಳಿ ಮುಗಿಯುವ ಗಿಡಗಳು. ಬೀಜ ಬಲಿಯತೊಡಗಿತೆಂದರೆ ಅವುಗಳ ಶಕ್ತಿಯೆಲ್ಲ ಅತ್ತ ಹರಿಯುತ್ತದೆ, ಹೊಸ ಮೊಗ್ಗು ನಿಲ್ಲುತ್ತದೆ. ಬಾಡಿದ ಹೂವನ್ನು ದಳಗಳಷ್ಟೇ ಕೀಳದೆ, ಅದರ ಕೆಳಗಿನ ಮೊದಲ ಆರೋಗ್ಯವಂತ ಎಲೆಜೋಡಿಯ ಸ್ವಲ್ಪ ಮೇಲಕ್ಕೆ ಕತ್ತರಿಸಿ. ಆ ಎಲೆಗಳ ಕಂಕುಳಿನಿಂದ ಎರಡು ಹೊಸ ರೆಂಬೆಗಳು ಬರುತ್ತವೆ. ಮನೆಯೊಳಗಿಡಲು ಜಿನಿಯಾ ಕೊಯ್ಯುವಾಗಲೂ ಹೀಗೆಯೇ ಕತ್ತರಿಸಿದರೆ ಕೊಯ್ದಷ್ಟೂ ಗಿಡ ಪೊದೆಯಾಗುತ್ತದೆ.

ತರಕಾರಿಗೂ ಇದೇ ನಿಯಮ ಅನ್ವಯಿಸುತ್ತದೆ, ಮತ್ತು ಬೇಸಿಗೆಯಲ್ಲಿ ಕೊಯ್ಲನ್ನು ನಾನು ಗಿಡದ ಆರೈಕೆಯೆಂದೇ ಪರಿಗಣಿಸುತ್ತೇನೆ. ಬೆಂಡೆಕಾಯಿ ಹೂ ಬಿಟ್ಟ ನಾಲ್ಕರಿಂದ ಆರು ದಿನಗಳಲ್ಲಿ ಕೊಯ್ಲಿಗೆ ಬರುತ್ತದೆ; ದಿನ ಬಿಟ್ಟು ದಿನ ಕೊಯ್ಯದಿದ್ದರೆ ನಾರಾಗುತ್ತದೆ. ಎಲೆಯ ಮರೆಯಲ್ಲಿ ಹಳದಿಯಾಗಿ ಬಲಿತ ಒಂದೇ ಸೌತೆಕಾಯಿ ಇಡೀ ಬಳ್ಳಿಯ ಹೊಸ ಹೀಚುಗಳನ್ನು ಹಿಡಿದಿಡುತ್ತದೆ, ಆದ್ದರಿಂದ ಎಲೆ ಎತ್ತಿ ಹುಡುಕಿ. ಟೊಮೆಟೊದ ಕೆಂಪು ಬಣ್ಣ ಕೊಡುವ ಲೈಕೋಪೀನ್ 30 ಡಿಗ್ರಿ ದಾಟಿದ ಬಿಸಿಯಲ್ಲಿ ಸರಿಯಾಗಿ ರೂಪುಗೊಳ್ಳುವುದಿಲ್ಲ. ಗಿಡದಲ್ಲೇ ಬಿಟ್ಟರೆ ಹಣ್ಣು ಕಿತ್ತಳೆ ಬಣ್ಣದಲ್ಲೇ ಮೆತ್ತಗಾಗುತ್ತದೆ. ತುದಿಯಲ್ಲಿ ನಸುಗೆಂಪು ಮೂಡಿದ ಕೂಡಲೇ ಕೊಯ್ದು ಮನೆಯೊಳಗೆ ನೆರಳಿನಲ್ಲಿಡಿ. ಫ್ರಿಜ್ಜಿನಲ್ಲಿಟ್ಟರೆ ಹಣ್ಣಾಗುವುದು ನಿಂತು ರುಚಿ ಕೆಡುತ್ತದೆ.

ಹೊಸಚಿಗುರು:

ಮೂವರಿಗೂ ಹೃತ್ಪೂರ್ವಕ ಧನ್ಯವಾದಗಳು. ಗೊಬ್ಬರದ ಯೋಚನೆಯನ್ನು ಬಿಟ್ಟು, ಹೊದಿಕೆ ಮತ್ತು ನೆರಳಿನ ಬಲೆಯ ಕೆಲಸವನ್ನು ನಾಳೆಯೇ ಆರಂಭಿಸುತ್ತೇನೆ. ಇನ್ನೊಂದು ಸಂದೇಹ: ಚೆಂಡುಹೂ ಗಿಡ ಬೇರಿನ ಹುಳುಗಳನ್ನು ದೂರವಿಡುತ್ತದೆಂದು ಕೇಳಿದ್ದೇನೆ. ಆ ಕಾರಣಕ್ಕೆ ಅದನ್ನು ಟೊಮೆಟೊ ಸಾಲುಗಳ ನಡುವೆ ನೆಡಬಹುದೆ?

ಬೇರುಮಣ್ಣು:

ಕೇಳಿದ್ದರಲ್ಲಿ ಸತ್ಯವಿದೆ, ಆದರೆ ಅದಕ್ಕೆ ಮಿತಿಯೂ ಇದೆ. ಚೆಂಡುಹೂವಿನ ಬೇರಿನಲ್ಲಿರುವ ಆಲ್ಫಾ-ಟರ್ಥಿಯೆನೈಲ್ ಎಂಬ ವಸ್ತು, ಬೇರಿನಲ್ಲಿ ಗಂಟು ಕಟ್ಟಿಸುವ ಸೂಕ್ಷ್ಮ ಜಂತುಹುಳುಗಳಿಗೆ ಮಾರಕ. ಆದರೆ ನಾಲ್ಕು ಟೊಮೆಟೊ ಗಿಡಗಳ ನಡುವೆ ಒಂದು ಚೆಂಡುಹೂ ನೆಟ್ಟರೆ ಅದರ ಪರಿಣಾಮ ಅಕ್ಕಪಕ್ಕದ ಮಣ್ಣನ್ನು ದಾಟುವುದಿಲ್ಲ. ಜಂತುಹುಳುಗಳ ಬಾಧೆಯಿರುವ ಮಡಿಯಲ್ಲಿ ಎರಡು ಮೂರು ತಿಂಗಳು ಬರೀ ಚೆಂಡುಹೂವನ್ನೇ ಒತ್ತಾಗಿ ಬೆಳೆಸಿ, ಕಳೆ ಬರದಂತೆ ನೋಡಿಕೊಂಡು, ಬಳಿಕ ಗಿಡಗಳನ್ನು ಅದೇ ಮಣ್ಣಿಗೆ ಸೇರಿಸಿ ಮುಂದಿನ ಋತುವಿನಲ್ಲಿ ಟೊಮೆಟೊ ಹಾಕಿದರೆ ಫಲ ಕಾಣುತ್ತದೆ. ನಿಮ್ಮ ಎರಡು ಹೂಮಡಿಗಳನ್ನೂ ತರಕಾರಿ ಮಡಿಗಳನ್ನೂ ಹೀಗೆ ವರ್ಷದಿಂದ ವರ್ಷಕ್ಕೆ ಅದಲುಬದಲು ಮಾಡಬಹುದು. ಹೂಮಡಿಯನ್ನು ಕೀಳಬೇಡಿ ಎನ್ನಲು ನನಗೆ ಇದು ಇನ್ನೊಂದು ಬಲವಾದ ಕಾರಣ.

ಒಣ ಬಿಸಿಯಲ್ಲಿ ಚೆಂಡುಹೂವಿಗೆ ನುಸಿ ಬೇಗ ತಗಲುತ್ತದೆ ಎಂಬುದನ್ನು ಮಾತ್ರ ನೆನಪಿಡಿ. ಎಲೆಯ ಮೇಲೆ ಸಣ್ಣ ಬಿಳಿಚುಕ್ಕಿಗಳೂ ಅಡಿಯಲ್ಲಿ ತೆಳುವಾದ ಬಲೆಯೂ ಕಂಡರೆ, ಅದು ಪಕ್ಕದ ಹುರುಳಿಕಾಯಿಗೆ ಹಬ್ಬುವ ಮೊದಲು ಎಲೆಯ ಅಡಿಭಾಗಕ್ಕೆ ರಭಸವಾಗಿ ನೀರು ಹಾಯಿಸಿ ತೊಳೆಯಿರಿ. ಇದನ್ನು ಬೆಳಿಗ್ಗೆಯೇ ಮಾಡಿ, ಮತ್ತು ಎಲೆಗಳು ಪೂರ್ತಿ ಒಣಗಿದ ಮೇಲಷ್ಟೇ ಹುರುಳಿಕಾಯಿ ಕೊಯ್ಯಿರಿ. ಒದ್ದೆ ಗಿಡಗಳ ನಡುವೆ ಓಡಾಡಿದರೆ ಅವುಗಳ ಎಲೆರೋಗಗಳು ನಮ್ಮ ಕೈಯಿಂದಲೇ ಗಿಡದಿಂದ ಗಿಡಕ್ಕೆ ಹರಡುತ್ತವೆ.