ಪದಚರ್ಚೆ: ನಾಯಿಯ ತಿನಿಸಿಗೆ ‘ಧಾನ್ಯರಹಿತ’ ಅನ್ನಬಹುದೇ? (ನಾಳೆ ಅಚ್ಚಿಗೆ)

ಎಲ್ಲರಿಗೂ ನಮಸ್ಕಾರ.

ಒಂದು ಪದ ಬೇಕಿತ್ತು, ತುಂಬಾ ತುರ್ತು. ನಾಳೆ ಬೆಳಿಗ್ಗೆ 11 ಗಂಟೆಗೆ ಸ್ಟಿಕ್ಕರ್ ಅಚ್ಚಿಗೆ ಹೋಗುತ್ತದೆ.

ನನ್ನ ತಂಗಿ ನಾಯಿಗಳಿಗೆ ತಿನಿಸು ಮಾಡಿ ಮಾರುತ್ತಾಳೆ. ಬೇಯಿಸಿದ ಗೆಣಸು, ಕಡಲೆಹಿಟ್ಟು, ಮುಳ್ಳು ತೆಗೆದ ಮೀನು ಸೇರಿಸಿ ಕಲಸುತ್ತಾಳೆ. ಬೆರಳಗಲ ಕತ್ತರಿಸಿ ಓವನ್ನಿನಲ್ಲಿ ಗರಿಗರಿಯಾಗುವವರೆಗೆ ಇಡುತ್ತಾಳೆ. ಅಕ್ಕಿ, ಗೋಧಿ, ರಾಗಿ, ಮೆಕ್ಕೆಜೋಳ ಯಾವುದನ್ನೂ ಹಾಕುವುದಿಲ್ಲ. ಇಷ್ಟು ದಿನ ಪೊಟ್ಟಣದ ಮೇಲೆ ಇಂಗ್ಲಿಷಿನಲ್ಲಿ ‘ಗ್ರೇನ್ ಫ್ರೀ’ ಅಂತ ಇತ್ತು. ಬೋರ್ಡಿನಲ್ಲಿ ಶೇ. 60 ಕನ್ನಡ ಇರಬೇಕು ಅಂತ 2024ರಲ್ಲಿ ಕಾನೂನು ಬಂತಲ್ಲ, ಅಂಗಡಿಗೆ ಹೊಸ ಬೋರ್ಡು ಬರೆಸುತ್ತಿದ್ದೇವೆ. ಹಾಗೇ ಪೊಟ್ಟಣವೂ ಕನ್ನಡಕ್ಕೆ ಬರಲಿ ಅಂತ ಅವಳ ಆಸೆ.

‘ಧಾನ್ಯರಹಿತ’ವೋ ‘ಧಾನ್ಯಮುಕ್ತ’ವೋ? ಇನ್ನೊಂದು, ಕೆಲವು ಆಹಾರ ತಿಂದರೆ ಮೈ ಕೆರೆತ, ಭೇದಿ ಆಗುವ ನಾಯಿಗಳಿವೆ. ಅವನ್ನು ಏನನ್ನಬೇಕು? ಯಂತ್ರಕ್ಕೆ ಕೊಟ್ಟರೆ ‘ಆಹಾರ ಸಂವೇದನಾಶೀಲ ನಾಯಿ’ ಅಂತ ಬಂತು. ಅದು ಮನಸ್ಸಿಗೆ ಹೇಳುವ ಮಾತು, ಹೊಟ್ಟೆಗೆ ಹೊಂದುವುದಿಲ್ಲ.

— ಮೈಸೂರಿನಿಂದ

*

ಧಾನ್ಯರಹಿತ. ಇದರಲ್ಲಿ ಚರ್ಚೆಗೆ ಏನೂ ಇಲ್ಲ.

‘ಮುಕ್ತ’ ಬೇಡ. ಮುಕ್ತಿ ಋಣದಿಂದ, ರೋಗದಿಂದ. ಧಾನ್ಯ ರೋಗವಲ್ಲ. ‘ಗೋಧಿರಹಿತ’ ಎಂದೂ ಹಾಕಬೇಡಿ. ಗೋಧೂಮ ಗೋಧಿಯಾದ ಮೇಲೆ ಅದು ಕನ್ನಡದ ಪದ. ಸಂಸ್ಕೃತದ ‘ರಹಿತ’ ಅದಕ್ಕೆ ಅಂಟುವುದಿಲ್ಲ, ಎರಡು ನುಡಿ ಬೆರೆತು ಅರಿಸಮಾಸವಾಗುತ್ತದೆ. ಬೋರ್ಡಿನಲ್ಲಿ ‘ನಾಯಿ’ಗಿಂತ ‘ಶ್ವಾನ’ ಗೌರವವಾಗಿ ಕಾಣುತ್ತದೆ.

— ಬಸವನಗುಡಿ, ಬೆಂಗಳೂರು

*

‘ಶ್ವಾನ’ ಯಾಕೆ ರಾಯರೇ? ನಾಯಿಗೆ ನಾಯಿ ಅನ್ನಲು ಏನು ಅಡ್ಡಿ?

ಮದ್ದೂರು ತಾಲ್ಲೂಕಿನ ಆತಕೂರಿನ ಕಲ್ಲು ನೆನಪಿಸಿಕೊಳ್ಳಿ. ಸುಮಾರು 950ರದು. ರಾಷ್ಟ್ರಕೂಟರ ಮೂರನೆಯ ಕೃಷ್ಣ ತಕ್ಕೋಲದಲ್ಲಿ ಚೋಳರನ್ನು ಗೆದ್ದ ಮೇಲೆ, ಅಲ್ಲಿ ಹೋರಾಡಿದ ಮಣಲೇರ ಎಂಬ ವೀರನಿಗೆ ಒಡೆಯ ‘ಮೆಚ್ಚಿದೆ, ಬೇಡು’ ಅಂದ. ಮಣಲೇರ ಕೇಳಿದ್ದು ಊರನ್ನಲ್ಲ, ಹೊನ್ನನ್ನಲ್ಲ. ಕಾಳಿ ಎಂಬ ಬೇಟೆನಾಯಿಯನ್ನು. ಆ ಕಾಳಿ ಹಂದಿಯ ಜೊತೆ ಹೋರಾಡಿ, ಎರಡೂ ಸತ್ತವು. ಕಾಳಿಗೆ ಕಲ್ಲು ನಿಲ್ಲಿಸಿ, ಪೂಜೆಗೆ ಭೂಮಿ ಬಿಟ್ಟರು. ಆ ಕಲ್ಲಿನ ಮೇಲೂ ಅದು ‘ನಾಯ್’. ಕಸ್ತೂರ್ಬಾ ರಸ್ತೆಯ ಮ್ಯೂಸಿಯಂನಲ್ಲಿದೆ, ನಿಮ್ಮ ಮನೆಯಿಂದ ಎಷ್ಟು ದೂರ? ಸಾವಿರ ವರ್ಷದ ಹಿಂದೆ ಕಲ್ಲಿಗೆ ಸಾಕಾದ ಗೌರವ ಇವತ್ತಿನ ಬೋರ್ಡಿಗೆ ಸಾಲದೇ?

ಇನ್ನು ಪದ. ‘ದವಸವಿಲ್ಲದ ತಿನಿಸು’ ಅನ್ನಿ. ದವಸ ನಮ್ಮದೇ. ತಮಿಳಿನಲ್ಲೂ ತವಸಂ ಇದೆ. ಸಂಸ್ಕೃತದ ಹತ್ತಿರ ಸಾಲಕ್ಕೆ ಹೋಗುವುದೇ ಬೇಡ.

— ಸಾಗರದಿಂದ

*

ಇಬ್ಬರೂ ಹಿರಿಯರು, ಕ್ಷಮಿಸಬೇಕು. ಅವರ ಸಮಾಸವೂ ಸರಿ, ಇವರ ದವಸವೂ ಸರಿ. ಆದರೆ ಪೊಟ್ಟಣದ ಮೇಲೆ ಎರಡೂ ಸುಳ್ಳಾಗುತ್ತವೆ.

ಮೈಸೂರಿನ ಅಕ್ಕ ಸ್ಪಷ್ಟವಾಗಿ ಬರೆದಿದ್ದಾರೆ, ಕಡಲೆಹಿಟ್ಟು ಇದೆ ಅಂತ. ಕನ್ನಡದಲ್ಲಿ ಕಡಲೆ ಧಾನ್ಯ ಅಲ್ವಾ? ನವಧಾನ್ಯ ಎಣಿಸಿ ನೋಡಿ. ಗೋಧಿ, ಭತ್ತ, ತೊಗರಿ, ಹೆಸರು, ಕಡಲೆ, ಅವರೆ, ಎಳ್ಳು, ಉದ್ದು, ಹುರುಳಿ. ಒಂಬತ್ತರಲ್ಲಿ ಆರು ಬೇಳೆಕಾಳು. ಹುಲ್ಲಿನ ಜಾತಿಯವು ಭತ್ತ, ಗೋಧಿ ಎರಡೇ. ಇಂಗ್ಲಿಷಿನ ‘ಗ್ರೇನ್’ ಪೊಟ್ಟಣದ ಮೇಲೆ ಆ ಎರಡರ ಗುಂಪನ್ನು ಮಾತ್ರ ಹೇಳುತ್ತದೆ. ನಮ್ಮ ‘ಧಾನ್ಯ’ ಒಂಬತ್ತನ್ನೂ ಒಳಗೆ ಕೂರಿಸಿಕೊಂಡಿದೆ. ಶಾಲೆಯಲ್ಲೂ ಕಲಿಸುವುದು ಏಕದಳ ಧಾನ್ಯ, ದ್ವಿದಳ ಧಾನ್ಯ ಅಂತಲೇ. ದವಸ, ಕಾಳು ತಗೊಂಡರೂ ಇದೇ ಕಥೆ.

ಇನ್ನೊಂದು ಕಡೆಯಿಂದಲೂ ತೊಂದರೆ ಇದೆ. 2023 ಸಿರಿಧಾನ್ಯ ವರ್ಷವಾದ ಮೇಲೆ ಬಹಳ ಜನರ ಮನಸ್ಸಿನಲ್ಲಿ ನವಣೆ, ಸಾಮೆ, ಊದಲು ಬೇರೆ ಜಾತಿಯೇ ಆಗಿಬಿಟ್ಟಿವೆ. ‘ಧಾನ್ಯ ಇಲ್ಲ, ಸಿರಿಧಾನ್ಯ ಮಾತ್ರ’ ಅಂತ ಮಾರುವವರನ್ನೇ ನೋಡಿದ್ದೇನೆ. ನವಣೆಯೂ ಧಾನ್ಯವೇ.

ನಾನು ಯಾಕೆ ಇಷ್ಟು ಹೇಳುತ್ತೇನೆ ಅಂದರೆ, ನಮ್ಮ ಮನೆಯಲ್ಲಿ ಕೆಂಪಿ ಇದ್ದಾಳೆ. ಬೀದಿಯಿಂದ ಬಂದವಳು. ಎರಡು ವರ್ಷದ ಹಿಂದೆ ಮುಂಗಾಲು ನೆಕ್ಕಲು ಶುರು ಮಾಡಿದಳು. ಬಿಳಿ ಕೂದಲು ಜೊಲ್ಲಿಗೆ ತುಕ್ಕಿನ ಬಣ್ಣಕ್ಕೆ ತಿರುಗಿತು. ರಾತ್ರಿಯೆಲ್ಲ ಕಿವಿ ಕೆರೆಯುತ್ತಿದ್ದಳು. ಹಿಂಗಾಲು ನೆಲಕ್ಕೆ ಬಡಿಯುವ ಧಬ್ ಧಬ್ ಸದ್ದು ಪಕ್ಕದ ಕೋಣೆಗೆ ಕೇಳುತ್ತಿತ್ತು. ಒಂದು ಅಂಗಡಿಯಲ್ಲಿ ‘ಧಾನ್ಯಮುಕ್ತ, ಅಲರ್ಜಿ ಇರುವ ನಾಯಿಗಳಿಗೆ’ ಅಂತ ಬರೆದ ಪೊಟ್ಟಣ ಕೊಟ್ಟರು. ನಂಬಿ ತಿನ್ನಿಸಿದೆ. ಕೆರೆತ ಇನ್ನೂ ಜಾಸ್ತಿ ಆಯಿತು. ಹಿಂದೆ ತಿರುಗಿಸಿ ಸಣ್ಣ ಅಕ್ಷರ ಓದಿದರೆ ಮೊದಲ ಪದಾರ್ಥವೇ ಕೋಳಿ.

ವೈದ್ಯರು ಎಂಟು ವಾರ ಕಟ್ಟುನಿಟ್ಟಿನ ಪಥ್ಯ ಮಾಡಿಸಿದರು. ಅವಳು ಹಿಂದೆಂದೂ ತಿನ್ನದ ಒಂದು ಮೀನು, ಗೆಣಸು, ಅಷ್ಟೇ. ಬೇರೆ ತಿನಿಸು ಒಂದು ಚೂರೂ ಇಲ್ಲ. ಆಮೇಲೆ ಒಂದೊಂದೇ ಸೇರಿಸುತ್ತ ಹೋದೆವು. ರಾಗಿ ಮುದ್ದೆ ತಿಂದಳು, ಏನೂ ಆಗಲಿಲ್ಲ. ಜೋಳದ ರೊಟ್ಟಿ ತಿಂದಳು, ಏನೂ ಆಗಲಿಲ್ಲ. ಕೋಳಿ ಕೊಟ್ಟ ಮೂರನೇ ದಿನ ಮತ್ತೆ ಕಾಲು ನೆಕ್ಕಲು ಕೂತಳು.

ಇದು ಕೆಂಪಿ ಒಬ್ಬಳ ಕಥೆಯಲ್ಲ. ಆಹಾರ ಒಗ್ಗದ 297 ನಾಯಿಗಳ ವರದಿಗಳನ್ನು ಒಟ್ಟುಮಾಡಿ 2016ರಲ್ಲಿ ಒಂದು ಪರಿಶೀಲನೆ ಪ್ರಕಟವಾಯಿತು. ದನದ ಮಾಂಸ ಒಗ್ಗದವು ಶೇ. 34, ಹಾಲಿನ ಪದಾರ್ಥ ಶೇ. 17, ಕೋಳಿ ಶೇ. 15. ಗೋಧಿ ಬರುವುದು ಅದರ ನಂತರ, ಶೇ. 13. ಹಾಗಾಗಿ ‘ಧಾನ್ಯ ಇಲ್ಲ’ ಮತ್ತು ‘ಒಗ್ಗದ ನಾಯಿಗೆ ಒಳ್ಳೆಯದು’ ಇವೆರಡನ್ನು ಒಂದೇ ಉಸಿರಿನಲ್ಲಿ ಹೇಳಬಾರದು.

ನನ್ನ ಸಲಹೆ ಒಂದೇ. ಗುಂಪಿನ ಹೆಸರು ಬಿಡಿ. ಇಲ್ಲದ್ದನ್ನೂ ಇರುವುದನ್ನೂ ಹೆಸರು ಹಿಡಿದು ಬರೆಯಿರಿ.

— ಧಾರವಾಡದಿಂದ

*

ಏಕದಳಧಾನ್ಯರಹಿತ. ಮುಗಿಯಿತು. ಶಾಸ್ತ್ರಕ್ಕೂ ಸರಿ, ಸಮಾಸಕ್ಕೂ ಸರಿ.

— ಬಸವನಗುಡಿ

*

ಅಂಗಡಿಗೆ ಬರುವವರು ಪರೀಕ್ಷೆ ಬರೆಯಲು ಬರುವುದಿಲ್ಲ ಸರ್.

ಧಾರವಾಡದವರ ಮಾತಿಗೆ ಒಂದು ಸೇರಿಸುತ್ತೇನೆ. ಇಲ್ಲಿ ಅಮೆರಿಕದಲ್ಲಿ 2018ರ ಜುಲೈನಲ್ಲಿ ಆಹಾರ, ಔಷಧ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ ಎಫ್‌ಡಿಎ ತನಿಖೆ ಶುರು ಮಾಡಿತು. ಬಟಾಣಿ, ಮಸೂರ, ಆಲೂಗಡ್ಡೆ ಜಾಸ್ತಿ ಇರುವ ನಾಯಿ ಆಹಾರಕ್ಕೂ ಹೃದಯ ಹಿಗ್ಗಿ ಸೋಲುವ ಕಾಯಿಲೆಗೂ ಸಂಬಂಧ ಇದೆಯೇ ಅಂತ. ಆ ಆಹಾರಗಳಲ್ಲಿ ಬಹುಪಾಲು ‘ಗ್ರೇನ್ ಫ್ರೀ’ ಹೆಸರಿನವೇ. ಅದೇ ಕಾರಣ ಅಂತ ಸಾಬೀತಾಗಿಲ್ಲ. ಆದರೆ ಕಡಲೆಹಿಟ್ಟನ್ನು ಸಣ್ಣ ಅಕ್ಷರದಲ್ಲಿ ಅಡಗಿಸದಿರಲು ಇದೂ ಒಂದು ಕಾರಣ. ತಿನಿಸು ದಿನದ ಆಹಾರದ ಹತ್ತರಲ್ಲಿ ಒಂದು ಪಾಲು ದಾಟಬಾರದು ಅಂತಲೂ ಪೊಟ್ಟಣದ ಮೇಲೆ ಹಾಕಿಸಿ.

ಪದದ ವಿಷಯಕ್ಕೆ: ಕನ್ನಡ ಅಕ್ಷರದಲ್ಲೇ ‘ಗ್ರೇನ್ ಫ್ರೀ ಟ್ರೀಟ್ಸ್’ ಅಂತ ಬರೆದರೆ ಏನಾಗುತ್ತದೆ? ನಾಯಿ ಸಾಕಿದವರಿಗೆ ಅದು ಗೊತ್ತು. ಬಸ್ಸು, ಬ್ಯಾಂಕು ತಗೊಂಡಿಲ್ಲವೇ?

— ನ್ಯೂಜೆರ್ಸಿಯಿಂದ

*

ತಗೊಂಡಿದ್ದೇವೆ. ಬಸ್ಸಿಗೆ ‘ಉ’ಕಾರ ಹಚ್ಚಿ, ಬಸ್ಸಿನಲ್ಲಿ, ಬಸ್ಸಿಗೆ ಅಂತ ಕನ್ನಡ ಮಾಡಿಕೊಂಡು ತಗೊಂಡೆವು. ಬಿಸ್ಕತ್ತು, ಸಾಬೂನು ಬಂದದ್ದೂ ಹಾಗೇ. ಮೂರು ಇಂಗ್ಲಿಷ್ ಪದಗಳನ್ನು ಸಾಲಾಗಿ ಲಿಪಿ ಬದಲಿಸಿ ನಿಲ್ಲಿಸುವುದು ಎರವಲಲ್ಲ. ಅದು ಸೋಮಾರಿತನ.

— ಸಾಗರದಿಂದ

*

ಸೋಮಾರಿತನ ಅನ್ನುವ ಮಾತು ಬೇಕಿರಲಿಲ್ಲ. ದೂರದಲ್ಲಿದ್ದೂ ಈ ಪದಚರ್ಚೆ ಓದುತ್ತೇವಲ್ಲ, ಅದನ್ನಾದರೂ ನೋಡಿ.

— ನ್ಯೂಜೆರ್ಸಿಯಿಂದ

*

ಜಗಳ ನಡೆಯಲಿ, ಮೈಸೂರಿನವರ ಎರಡನೇ ಪ್ರಶ್ನೆ ಹಾಗೇ ಉಳಿದಿದೆ.

ನಮ್ಮಲ್ಲಿ ಗಾಯ ಆದಾಗ, ಮೈ ಕೆರೆಯುವಾಗ ಬದನೆಕಾಯಿ ತಿನ್ನಬೇಡ, ನಂಜು ಅನ್ನುತ್ತಾರೆ. ‘ನಂಜು’ ಎಂಥ ಒಳ್ಳೆಯ ಪದ! ವಿಷ ಉಂಡವನು ನಂಜುಂಡ. ಟಿಪ್ಪುವಿನ ಆನೆಯ ಕಣ್ಣು ವಾಸಿಯಾಯಿತೆಂದು ಅವನು ನಂಜನಗೂಡಿನ ದೇವರನ್ನು ಹಕೀಮ ನಂಜುಂಡ ಅಂತ ಕರೆದ ಎಂಬ ಕಥೆ ಮೈಸೂರಿನವರಿಗೆ ನಾನು ಹೇಳಬೇಕಾಗಿಲ್ಲ. ಪ್ರಾಣಿಗಳ ಮದ್ದಿನ ಮಾತಿಗೆ ನಂಜು ಹೊಸತಲ್ಲ.

ಆದರೂ ಪೊಟ್ಟಣಕ್ಕೆ ನಂಜು ಬೇಡ. ತಿನಿಸಿನಲ್ಲೇ ವಿಷ ಇದೆ ಅಂತ ಓದಿಬಿಟ್ಟಾರು. ಧಾರವಾಡದವರು ಗಮನಿಸದೆಯೇ ಪದ ಕೊಟ್ಟುಬಿಟ್ಟಿದ್ದಾರೆ: ಒಗ್ಗದ. ಹಾಲು ಒಗ್ಗುವುದಿಲ್ಲ, ಆ ಊರಿನ ನೀರು ಒಗ್ಗಲಿಲ್ಲ. ಮಗುವಿಗೂ ನಾಯಿಗೂ ಒಂದೇ ಮಾತು. ‘ಅಸಹಿಷ್ಣುತೆ’ ಅಂತ ಯಾರಾದರೂ ಸೂಚಿಸುವ ಮೊದಲೇ ಇದನ್ನು ತೆಗೆದುಕೊಳ್ಳಿ.

‘ತಿನಿಸು’ ಕೂಡ ಇರಲಿ. ಅದು ನಾಮಪದವೂ ಹೌದು, ತಿನ್ನುವಂತೆ ಮಾಡು ಅನ್ನುವ ಕ್ರಿಯಾಪದವೂ ಹೌದು, ಉಣಿಸು ಇದ್ದ ಹಾಗೆ. ‘ನಾಯಿ ತಿನಿಸು’ ಅಂದರೆ ನಾಯಿಯಿಂದ ಮಾಡಿದ್ದು ಅಂತ ಯಾರೂ ತಿಳಿಯುವುದಿಲ್ಲ. ‘ಪಶು ಆಹಾರ’ದ ಚೀಲ ನೋಡಿದ ನಾಡು ಇದು.

— ಮಂಗಳೂರಿನಿಂದ

*

ಎಲ್ಲರಿಗೂ ಕೈಮುಗಿದೆ. ಒಂದೇ ರಾತ್ರಿಯಲ್ಲಿ ಇಷ್ಟು ಸಿಗುತ್ತದೆ ಅಂದುಕೊಂಡಿರಲಿಲ್ಲ. ಕಡಲೆಯ ವಿಷಯ ಓದಿ ತಂಗಿ ಎದ್ದು ಕೂತಳು. ‘ಧಾನ್ಯರಹಿತ’ ಅಂತ ಹಾಕಿದ್ದರೆ ಬೇಳೆ ಒಗ್ಗದ ನಾಯಿಯ ಮನೆಯವರು ನಂಬಿ ಒಯ್ಯುತ್ತಿದ್ದರು.

ಕಳಿಸಿದ್ದು ಇದು:

ನಾಯಿ ತಿನಿಸು
ಅಕ್ಕಿ, ಗೋಧಿ, ರಾಗಿ, ಮೆಕ್ಕೆಜೋಳ, ಸಿರಿಧಾನ್ಯ ಇಲ್ಲ. ಕೋಳಿ, ಹಾಲು ಇಲ್ಲ.
ಗೆಣಸು, ಕಡಲೆಹಿಟ್ಟು, ಬಂಗುಡೆ ಮೀನು ಇದೆ.
ಇವುಗಳಲ್ಲಿ ಯಾವುದಾದರೂ ನಿಮ್ಮ ನಾಯಿಗೆ ಒಗ್ಗದಿದ್ದರೆ ಕೊಡಬೇಡಿ. ಪಥ್ಯದಲ್ಲಿದ್ದರೆ ವೈದ್ಯರನ್ನು ಕೇಳಿ ಕೊಡಿ.
ದಿನದ ಆಹಾರದ ಹತ್ತರಲ್ಲಿ ಒಂದು ಪಾಲಿಗಿಂತ ಜಾಸ್ತಿ ಬೇಡ.

ಬೋರ್ಡಿನಲ್ಲಿ ‘ನಾಯಿ’ಯೇ. ಬಸವನಗುಡಿಯ ರಾಯರು ಬೇಸರ ಮಾಡಿಕೊಳ್ಳಬಾರದು.

ಅಚ್ಚಿನವರಿಂದ ಈಗಷ್ಟೇ ಫೋನ್ ಬಂತು. ‘ಮೆಕ್ಕೆಜೋಳ ಅಂದ್ರೆ ಮುಸುಕಿನ ಜೋಳ ತಾನೇ? ಹಂಗೇ ಹಾಕ್ಲಾ?’ ಅಂತ ಕೇಳುತ್ತಿದ್ದಾರೆ. ಹುಬ್ಬಳ್ಳಿ ಕಡೆಗೂ ಕೊರಿಯರ್ ಹೋಗುತ್ತದೆ. ಅಲ್ಲಿ ಗೋವಿನಜೋಳ ಅನ್ನುತ್ತೀರಲ್ಲ, ಧಾರವಾಡದವರೇ? ಅರ್ಧ ಗಂಟೆ ಇದೆ, ದಯವಿಟ್ಟು ಹೇಳಿ.

— ಮೈಸೂರಿನಿಂದ